ತೂತು ಬೀಳದ ಎಲೆ

ನನ್ನ ಪಾರ್ಲರಿಗೆ ಬರುವ ಹೆಂಗಸರೆಲ್ಲ ಕೂದಲಿನ ತುದಿ ಸೀಳಿದೆ ಎಂದು ಅಳುತ್ತಾರೆ. ನಾನು ಎಲೆ ಸೀಳಲಿಲ್ಲವಲ್ಲ ಎಂದು ಅಳುತ್ತಿದ್ದೆ. ಒಂದೇ ಕೋಣೆಯಲ್ಲಿ, ಒಂದೇ ಕನ್ನಡಿಯ ಮುಂದೆ, ಎರಡು ಬಗೆಯ ಗೋಳು.

ಗಿಡ ಅಮ್ಮನದು. ಅಂದರೆ ಅಮ್ಮನ ಗಿಡದ ಒಂದು ತುಂಡು. ನರ್ಸರಿಯವರು ಅದಕ್ಕೆ ಮಾನ್‌ಸ್ಟೆರಾ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಅದು ಮೊದಲಿನಿಂದಲೂ ತೂತೆಲೆ ಗಿಡ. ಅಮ್ಮ ಅದನ್ನು ಬಾಡಿಗೆ ಮನೆಯ ಒಳಕೋಣೆಯಲ್ಲಿ, ಕಿಟಕಿಗೂ ಹೊಲಿಗೆ ಯಂತ್ರಕ್ಕೂ ನಡುವೆ ಇಟ್ಟು ಬೆಳೆಸಿದ್ದಳು. ಗೋಡೆಗೊರಗಿಕೊಂಡು ಸೂರಿನ ತನಕ ಹೋಗಿತ್ತು. ಒಂದೊಂದು ಎಲೆಯೂ ಊಟದ ತಟ್ಟೆಗಿಂತ ಅಗಲ. ಅಂಚಿನಿಂದ ಒಳಗಿನ ತನಕ ಸೀಳು, ನಡುನರದ ಪಕ್ಕದಲ್ಲಿ ಸಾಲಾಗಿ ತೂತು. ಚಿಕ್ಕವರಿದ್ದಾಗ ನಾನು ಎಲೆಯ ಈ ಕಡೆ, ಅಕ್ಕ ಆ ಕಡೆ ನಿಂತು, ತೂತಿಗೆ ಕಣ್ಣಿಟ್ಟು ಒಬ್ಬರನ್ನೊಬ್ಬರು ನೋಡುತ್ತಿದ್ದೆವು. ಮೊದಲು ನಕ್ಕವರು ಸೋತಂತೆ. ಪ್ರತಿ ಸಲವೂ ಸೋಲುತ್ತಿದ್ದವಳು ನಾನೇ. ಮುಖ ಬಿಗಿಹಿಡಿಯುವುದು ಅಕ್ಕನಿಗೆ ಆಗಲೇ ಚೆನ್ನಾಗಿ ಬರುತ್ತಿತ್ತು.

ಅಮ್ಮ ಹೋದ ಮೇಲೆ ಆ ಮನೆ ಖಾಲಿ ಮಾಡಿದೆವು. ಗಿಡವನ್ನು ಅಕ್ಕ ತೆಗೆದುಕೊಂಡಳು. "ನಿಂದು ಒಂದು ಕೋಣೆ ಮನೆ ಪುಟ್ಟಿ, ನಮ್ಮಲ್ಲಿ ಜಾಗ ಇದೆ" ಎಂದಳು. ಸರಿ ಎಂದೆ. ನಾನು ಪಾತ್ರೆ ಕಟ್ಟುತ್ತಿದ್ದಾಗ ಭಾವ ಒಳಕೋಣೆಯ ಗೋಡೆಗೆ ಬಣ್ಣ ಬಳಿಯುತ್ತಿದ್ದರು. ಏನು ಎಂದು ಕೇಳಿದ್ದಕ್ಕೆ, "ತೇವದ ಕಲೆ, ಮನೆ ಓನರ್ ಗಲಾಟೆ ಮಾಡ್ತಾರೆ" ಎಂದು ಅಕ್ಕ ಅವರ ಪರವಾಗಿ ಉತ್ತರ ಕೊಟ್ಟಳು. ಭಾವನ ಮಾತನ್ನೆಲ್ಲ ಅಕ್ಕನೇ ಆಡುವುದು ನಮಗೆಲ್ಲ ರೂಢಿಯಾದ್ದರಿಂದ ನಾನು ಮತ್ತೆ ಪಾತ್ರೆಯ ಕಡೆ ತಿರುಗಿದೆ.

ಸ್ವಲ್ಪ ದಿನಕ್ಕೆ ಅಕ್ಕ ಒಂದು ಗಾಜಿನ ಲೋಟದಲ್ಲಿ ಗಿಡದ ತುಂಡೊಂದನ್ನು ತಂದುಕೊಟ್ಟಳು. ಅಂಗೈಯಗಲದ ಒಂದೇ ಎಲೆ, ತೂತಿಲ್ಲ, ಸೀಳಿಲ್ಲ. ಅಕ್ಕ ಶಾಲೆಯಲ್ಲಿ ಲೆಕ್ಕದ ಟೀಚರ್. ಮನೆಯಲ್ಲೂ ಅವಳು ಹೇಳಿದ್ದೇ ಲೆಕ್ಕ, ಉಳಿದವರು ಒಪ್ಪಿ ರುಜು ಹಾಕಬೇಕು. ಪಾರ್ಲರಿನ ಕುರ್ಚಿಯಲ್ಲಿ ಕೂತು ನನಗೆ ಪಾಠ ಮಾಡಿದಳು. ಕಿಟಕಿಯ ಪಕ್ಕ ಇಡು, ಆದರೆ ಬಿಸಿಲು ನೇರ ಬೀಳಬಾರದು. ಮಣ್ಣಿಗೆ ಬೆರಳು ತೂರಿಸಿ ನೋಡಿ, ಒಣಗಿದ್ದರೆ ಮಾತ್ರ ನೀರು ಹಾಕು. ಕುಂಡದ ಅಡಿಯಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಒದ್ದೆ ಬಟ್ಟೆಯಿಂದ ಎಲೆ ಒರೆಸು, ಅದಕ್ಕೂ ಉಸಿರಾಡಬೇಕು. ಎಲ್ಲವೂ ಸರಿ. ಎಲ್ಲವೂ ಸತ್ಯ.

ಆಮೇಲೆ ಅವಳು ದಂಟಿನಿಂದ ಹೊರಟಿದ್ದ ಒಂದು ಕಂದು ಬೇರನ್ನು ತೋರಿಸಿದಳು. ಆಲದ ಬಿಳಲಿನ ಹಾಗೆ ಅದು ಗಾಳಿಯಲ್ಲಿ ನೇತಾಡುತ್ತಿತ್ತು.

"ಇದು ಬಂದ ಕೂಡಲೇ ಕತ್ತರಿಸಿಬಿಡಬೇಕು. ಗಿಡದ ಸಾರ ಎಲ್ಲ ಇದೇ ಕುಡಿದುಬಿಡುತ್ತೆ. ನಿನ್ನ ಕೂದಲಿನ ಹಾಗೇನೇ ಕಣೇ. ತುದಿ ಕತ್ತರಿಸಿದ್ರೆ ತಾನೇ ದಟ್ಟವಾಗಿ ಬರೋದು?"

ಇದು ನಾನೇ ಗಿರಾಕಿಗಳಿಗೆ ದಿನವಿಡೀ ಹೇಳುವ ಮಾತು. ನನ್ನ ಮಾಲನ್ನೇ ಅವಳು ನನಗೆ ಮಾರುತ್ತಿದ್ದಳು. ಆದರೂ ಕೇಳಿದೆ, "ಅಮ್ಮ ಕತ್ತರಿಸ್ತಿದ್ದಳಾ?"

"ಮತ್ತೆ? ಕತ್ತರಿ ಹಿಡ್ಕೊಂಡು ಗಿಡದ ಹತ್ರ ನಿಂತಿರ್ತಿದ್ದಳಲ್ಲ, ನೀನು ನೋಡಿಲ್ವಾ?"

ನೋಡಿದ್ದೆ.

"ಕೋಲು ಗೀಲು ಏನೂ ಕಟ್ಟೋಕೆ ಹೋಗ್ಬೇಡ. ಅಮ್ಮ ಯಾವತ್ತಾದ್ರೂ ಕೋಲು ಕಟ್ಟಿದ್ಲಾ?"

ಕಟ್ಟಿರಲಿಲ್ಲ. ಅಕ್ಕನ ಜಾಣತನ ನೋಡಿ. ಅಮ್ಮ ಕತ್ತರಿ ಹಿಡಿದಿದ್ದೂ ನಿಜ, ಕೋಲು ಕಟ್ಟದೆ ಇದ್ದದ್ದೂ ನಿಜ. ಅವಳು ಸುಳ್ಳಿನ ಗೋಡೆಯನ್ನು ಸತ್ಯದ ಇಟ್ಟಿಗೆಯಿಂದಲೇ ಕಟ್ಟಿದಳು. ನಾನು ಮೂರು ವರ್ಷ ಆ ಗೋಡೆಗೊರಗಿ ಕೂತಿದ್ದೆ.

ಮೂರು ವರ್ಷ ಆ ಗಿಡವನ್ನು ನಾನು ಸಾಕಿದ ರೀತಿಯಲ್ಲಿ ಮಕ್ಕಳನ್ನು ಸಾಕಿದ್ದರೆ ಅವು ಇಷ್ಟು ಹೊತ್ತಿಗೆ ಪಾಠ ಓದಿ ಒಪ್ಪಿಸುತ್ತಿದ್ದವು. ಪಾರ್ಲರಿನ ದೊಡ್ಡ ಕಿಟಕಿಯ ಪಕ್ಕದಲ್ಲಿ ಜಾಗ ಕೊಟ್ಟೆ. ಬೆಳಗ್ಗೆ ಬಾಗಿಲು ತೆಗೆದರೆ ಮೊದಲು ಮಣ್ಣಿಗೆ ಬೆರಳು, ಆಮೇಲೆ ದೀಪದ ಸ್ವಿಚ್ಚು. ಹೇರ್ ಡ್ರೈಯರಿನ ಬಿಸಿಗಾಳಿ ಅದರ ಕಡೆ ಹೋಗದಂತೆ ಗಿರಾಕಿಗಳ ಕುರ್ಚಿಯನ್ನೇ ತಿರುಗಿಸಿದೆ. ನೇತಾಡುವ ಬೇರು ಮೊಳಕೆಯಷ್ಟು ಇಣುಕಿದರೂ ಸಾಕು, ಕೂದಲು ಕತ್ತರಿಸುವ ಕತ್ತರಿಯಿಂದಲೇ ಕಚಕ್. ಎಲೆಗಳು ಬಂದವು, ಹಸಿರಾಗಿ, ಹೊಳೆಯುತ್ತ. ಆದರೆ ಎಲ್ಲವೂ ಅಂಗೈಯಗಲ, ಎಲ್ಲವೂ ಇಡಿ. ಒಂದು ಸೀಳು ಇಲ್ಲ, ಸೂಜಿ ಹೋಗುವಷ್ಟು ತೂತಿಲ್ಲ. ಎತ್ತರಕ್ಕೂ ಏರದೆ ಕುಂಡದಿಂದ ಪಕ್ಕಕ್ಕೆ ಒರಗಿ, ಸೋಮಾರಿಯ ಹಾಗೆ ಮೊಣಕೈ ಊರಿಕೊಂಡು ಮಲಗಿತ್ತು.

ಬ್ಯಾಂಕಿನ ಮೇಡಂ ಒಬ್ಬರು ತಲೆಗೆ ಬಣ್ಣ ಹಾಕಿಸಿಕೊಳ್ಳಲು ಬರುತ್ತಾರೆ. ಬಂದಾಗಲೆಲ್ಲ ಅವರದು ಒಂದೇ ತಮಾಷೆ: "ಏನಮ್ಮಾ, ನಿನ್ನ ಗಿಡ ಇನ್ನೂ ಎಲ್‌ಕೆಜಿನಾ? ಫೇಲ್ ಆಗ್ತಾನೇ ಇದೆಯಲ್ಲ!" ನಾನೂ ನಗುತ್ತಿದ್ದೆ. ನಗದೆ ಏನು ಮಾಡಲಿ, ಅವರ ತಲೆ ನನ್ನ ಕೈಯಲ್ಲಿತ್ತು, ನನ್ನ ಹೊಟ್ಟೆ ಅವರ ತಲೆಯಲ್ಲಿತ್ತು.

ಅಕ್ಕನೂ ತಪ್ಪದೆ ತಿಂಗಳಿಗೊಮ್ಮೆ ಬರುತ್ತಿದ್ದಳು, ಕೂದಲು ಕತ್ತರಿಸಿಕೊಳ್ಳಲು. ಕುರ್ಚಿಯಲ್ಲಿ ಕೂತು, ಕುತ್ತಿಗೆಗೆ ಬಟ್ಟೆ ಸುತ್ತಿಸಿಕೊಂಡು, ಕನ್ನಡಿಯಲ್ಲೇ ಗಿಡವನ್ನು ನೋಡುತ್ತಿದ್ದಳು.

"ಬೇರು ಕತ್ತರಿಸ್ತಿದ್ದೀಯ ತಾನೇ?"

"ಒಂದೂ ಬಿಟ್ಟಿಲ್ಲ ಅಕ್ಕ."

"ಜಾಣೆ."

ಆಮೇಲೆ ಫೋನು ತೆಗೆದು ಅವಳ ಮನೆಯ ಗಿಡದ ಫೋಟೋ ತೋರಿಸುತ್ತಿದ್ದಳು. ಅಗಲವಾದ ಎಲೆ, ಸೀಳು, ತೂತು, ಥೇಟ್ ಅಮ್ಮನ ಕೋಣೆಯದೇ. ಫೋಟೋದಲ್ಲಿ ಬರೀ ಎಲೆ ಇರುತ್ತಿತ್ತು, ದಂಟು ಕಾಣುತ್ತಿರಲಿಲ್ಲ. ಆಗ ನನಗೆ ದಂಟು ನೋಡುವ ಬುದ್ಧಿಯೂ ಇರಲಿಲ್ಲ. ನೇರವಾಗಿ ಹೋಗಿ ನೋಡೋಣವೆಂದರೆ ಗಿಡ ಇದ್ದದ್ದು ಒಳಗಿನ ಕೋಣೆಯಲ್ಲಿ. ಭಾವ ಪತ್ರಿಕೆಯ ಪ್ರೆಸ್ಸಿನಲ್ಲಿ ರಾತ್ರಿ ಪಾಳಿ, ಹಗಲೆಲ್ಲ ಅದೇ ಕೋಣೆಯಲ್ಲಿ ನಿದ್ದೆ. ನಾನು ಹೋದಾಗಲೆಲ್ಲ ಬಾಗಿಲು ಮುಚ್ಚಿರುತ್ತಿತ್ತು, ಅಕ್ಕನ ಬೆರಳು ತುಟಿಯ ಮೇಲಿರುತ್ತಿತ್ತು.

ಒಂದು ದಿನ ಪಾರ್ಲರ್ ತುಂಬ ಜನ ಇದ್ದಾಗ ಯಾರೋ ಗಿಡದ ಮಾತೆತ್ತಿದರು. ಅಕ್ಕ ಕುರ್ಚಿಯಲ್ಲಿದ್ದಳು. "ನಾನು ಎಲ್ಲ ಹೇಳಿಕೊಟ್ಟಿದ್ದೀನಿ ರೀ. ಪಾಪ, ಇವಳೂ ಹೇಳಿದ್ದೆಲ್ಲ ಮಾಡ್ತಾಳೆ. ಆದ್ರೆ ಕೈಗುಣ ಅಂತ ಒಂದಿರುತ್ತಲ್ಲ. ಅಮ್ಮನ ಕೈಗುಣ ನನಗೆ ಬಂತು, ಇವಳಿಗೆ ಬರಲಿಲ್ಲ" ಎಂದಳು. ಹೇಳಿದ್ದು ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ.

ಕೂದಲಿನ ಕೆಲಸದಲ್ಲಿ ಕೈಗುಣ ಎಂದರೆ ಅದೇ ಅನ್ನ. ಈ ಕೈ ಮುಟ್ಟಿದರೆ ಕೂದಲು ಬರುತ್ತದೆ, ಆ ಕೈ ಮುಟ್ಟಿದರೆ ಉದುರುತ್ತದೆ ಎಂದು ನಂಬಿದವರೇ ನಮ್ಮ ಬಾಗಿಲು ತಟ್ಟುವುದು. ಅದು ಹಾಗಿರಲಿ, ನನಗೆ ಚುಚ್ಚಿದ್ದು ಬೇರೆಯೇ. ಅಮ್ಮ ಹಾಸಿಗೆ ಹಿಡಿದಾಗ, ಜಡೆ ಭಾರವಾಗುತ್ತದೆ, ಕತ್ತರಿಸು ಎಂದು ನನ್ನನ್ನು ಕೇಳಿದ್ದಳು. ಕಿವಿಯ ಮಟ್ಟಕ್ಕೆ ಕತ್ತರಿಸಿದ್ದೆ. ಅದು ಮತ್ತೆ ಬೆಳೆಯಲಿಲ್ಲ, ಅಮ್ಮನೂ ಏಳಲಿಲ್ಲ. ರೋಗದಿಂದ ಹಾಗಾಯಿತು ಎಂದು ಬುದ್ಧಿಗೆ ಗೊತ್ತು. ಆದರೆ ಗಿಡವೂ ಬೆಳೆಯದೆ ಹೋದಾಗ, ಅಕ್ಕನೂ ಹಾಗೆ ಹೇಳಿದಾಗ, ಮನಸ್ಸು ಬುದ್ಧಿಯ ಮಾತು ಕೇಳಲಿಲ್ಲ. ಅವತ್ತಿನಿಂದ ಪುಟ್ಟ ಮಕ್ಕಳ ತಲೆಗೆ ಕತ್ತರಿ ಇಡುವ ಮುಂಚೆ ಒಂದು ಸಲ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆ. ಹೊಸ ಎಲೆ ಸುರುಳಿ ಬಿಚ್ಚುವಾಗಲೆಲ್ಲ ಉಸಿರು ಬಿಗಿಹಿಡಿದು ಕಾಯುತ್ತಿದ್ದೆ. ಒಂದೇ ಒಂದು ಸೀಳು ಬಂದರೆ ಸಾಕು, ನನ್ನ ಕೈ ಕೆಟ್ಟದ್ದಲ್ಲ ಎಂದುಕೊಳ್ಳುತ್ತೇನೆ ಎಂದು. ಬರಲಿಲ್ಲ.

ಹೀಗಿರುವಾಗ ಭಾವನ ಕಣ್ಣಿನ ಆಪರೇಷನ್ ಬಂತು. ಬೇರೆ ಊರಿನ ಆಸ್ಪತ್ರೆ, ವಾರಗಟ್ಟಲೆ ಅಲ್ಲೇ ಇರಬೇಕು. ಇಷ್ಟು ದಿನ ಅವರ ಬೀಗದ ಕೈ ಇಟ್ಟುಕೊಳ್ಳುತ್ತಿದ್ದ ಪಕ್ಕದ ಮನೆಯವರು ಮನೆ ಬಿಟ್ಟು ಹೋಗಿದ್ದರು. ಅಕ್ಕ ಬೀಗದ ಕೈಯನ್ನು ನನ್ನ ಅಂಗೈಗೆ ಹಾಕುವ ಮುಂಚೆ ಅದನ್ನು ಎರಡು ಸಲ ತಿರುಗಿಸಿ ನೋಡಿದಳು.

"ಬುಡಕ್ಕೆ ನೀರು ಹಾಕಿ ಬಂದುಬಿಡು. ಕೈ ಗೀ ಹಚ್ಚೋಕೆ ಹೋಗ್ಬೇಡ. ನಿನ್ನ ಕೈ... ಗೊತ್ತಲ್ಲ."

ಗೊತ್ತು ಎಂದೆ.

ಪಾರ್ಲರಿನ ವಾರದ ರಜೆಯ ದಿನ ಎರಡು ಬಸ್ಸು ಬದಲಾಯಿಸಿ ಹೋದೆ. ಮಧ್ಯಾಹ್ನದ ಹೊತ್ತು, ಮನೆಯಲ್ಲಿ ಭಾವನ ನೋವಿನ ಎಣ್ಣೆಯ ವಾಸನೆ. ಒಳಕೋಣೆಯ ಬಾಗಿಲು ದೂಡಿದೆ. ಕಿಟಕಿಯ ತುಂಬ ಎಲೆ. ಒಂದು ಕ್ಷಣ ಅಮ್ಮ ಅಲ್ಲೇ ಎಲ್ಲೋ ಹೊಲಿಗೆ ಯಂತ್ರದ ಮುಂದೆ ಕೂತಿದ್ದಾಳೆ ಎನಿಸಿತು. ಕುಂಡಕ್ಕೆ ನೀರು ಹಾಕಿದೆ. ಹಾಕಿ ಬರಬೇಕಿತ್ತು. ಆದರೆ ಎಲೆಯ ಮೇಲೆ ಧೂಳು ಕೂತಿತ್ತು. ಧೂಳು ಕಂಡು ಸುಮ್ಮನೆ ಬರುವ ಕೈಯಲ್ಲ ನನ್ನದು. ಕರವಸ್ತ್ರ ಒದ್ದೆ ಮಾಡಿಕೊಂಡು ಒಂದೊಂದೇ ಎಲೆ ಒರೆಸುತ್ತ ಗಿಡದ ಹಿಂದಕ್ಕೆ ಹೋದೆ.

ಹಿಂದೆ ಒಂದು ಕೋಲಿತ್ತು. ನನ್ನಷ್ಟೇ ಎತ್ತರ, ತೊಡೆಯ ಗಾತ್ರ, ಉದ್ದಕ್ಕೂ ತೆಂಗಿನ ನಾರು ಸುತ್ತಿತ್ತು. ಮೇಲ್ತುದಿಯಲ್ಲಿ ನೀರಿನ ಬಾಟಲಿಯೊಂದನ್ನು ತಲೆಕೆಳಗು ಕಟ್ಟಿ, ಮುಚ್ಚಳಕ್ಕೆ ಸೂಜಿಯ ತೂತು ಮಾಡಿದ್ದರು. ತೊಟ್ಟು ತೊಟ್ಟು ನೀರು ಬಿದ್ದು ನಾರೆಲ್ಲ ಒದ್ದೆಯಾಗಿರುವುದಕ್ಕೆ. ಈಗ ಬಾಟಲಿ ಖಾಲಿ, ನಾರು ಮಾತ್ರ ಇನ್ನೂ ತೇವ. ದಂಟಿನ ಪ್ರತಿ ಗಂಟಿನಿಂದಲೂ ಆ ಕಂದು ಬೇರುಗಳು ಹೊರಟಿದ್ದವು, ನನ್ನ ಕಿರುಬೆರಳಿನ ದಪ್ಪ.

ನನಗೆ ಮೊದಲು ಏನನ್ನಿಸಿತು ಗೊತ್ತೇ? ಅಯ್ಯೋ ಪಾಪ, ಭಾವನ ಆಪರೇಷನ್ ಗಡಿಬಿಡಿಯಲ್ಲಿ ಅಕ್ಕ ಬೇರು ಕತ್ತರಿಸುವುದನ್ನೇ ಮರೆತಿದ್ದಾಳೆ ಎಂದು. ನನ್ನಂಥ ಪೆದ್ದಿಯ ಕಿವಿಯ ಮೇಲೆ ಹೂವಿಡಲು ಯಾರೂ ಕಷ್ಟಪಡಬೇಕಾಗಿಲ್ಲ. ಕತ್ತರಿ ಬ್ಯಾಗಿನಲ್ಲೇ ಇರುತ್ತದೆ, ತೆಗೆದೆ. ಒಂದು ಬೇರಿನ ತುದಿ ಹುಡುಕಿದೆ. ತುದಿ ಸಿಗಲಿಲ್ಲ. ಅದು ನಾರಿನ ಒಳಗೆ ಹೋಗಿತ್ತು. ಎಳೆದೆ, ಬರಲಿಲ್ಲ. ಇನ್ನೊಂದು, ಮತ್ತೊಂದು, ಎಲ್ಲವೂ ನಾರಿನೊಳಗೆ. ಮಗು ಅಮ್ಮನ ಸೆರಗು ಹಿಡಿದ ಹಾಗೆ ಗಿಡ ಆ ಕೋಲನ್ನು ಹಿಡಿದು ಮೇಲೇರಿತ್ತು.

ಕತ್ತರಿ ಕೆಳಗಿಟ್ಟು ಬುಡದಿಂದ ನೋಡುತ್ತ ಬಂದೆ. ಗೋಡೆಯಿಂದ ಕಿತ್ತು ತಂದಾಗ ಅದನ್ನು ಬುಡಕ್ಕೇ ಕತ್ತರಿಸಿ ನೆಟ್ಟಿರಬೇಕು. ಕೆಳಗೆ ಎಲ್ಲ ಸಣ್ಣ ಎಲೆ, ಇಡಿ ಎಲೆ, ನನ್ನ ಗಿಡದ್ದೇ ಅಣ್ಣ ತಮ್ಮಂದಿರು. ಮೊದಲ ಬೇರು ನಾರಿಗೆ ಇಳಿದ ಜಾಗದ ಮೇಲಿನ ಎಲೆ ಸ್ವಲ್ಪ ದೊಡ್ಡದು. ಅದರ ಮೇಲಿನದಕ್ಕೆ ಒಂದು ಸೀಳು. ಅದರ ಮೇಲಿನದಕ್ಕೆ ಎರಡೂ ಕಡೆ ಸೀಳು. ಏರಿದಷ್ಟೂ ಅಗಲ, ಏರಿದಷ್ಟೂ ತೂತು. ಇದನ್ನು ಓದಲು ಯಾವ ಶಾಲೆಗೂ ಹೋಗಬೇಕಾಗಿಲ್ಲ. ಅಮ್ಮನ ಗಿಡಕ್ಕೆ ಕೋಲು ಯಾಕೆ ಬೇಕಿರಲಿಲ್ಲ ಎನ್ನುವುದೂ ಹೊಳೆಯಿತು. ಅದಕ್ಕೆ ಗೋಡೆ ಇತ್ತು. ಭಾವ ಬಣ್ಣ ಬಳಿದು ಮುಚ್ಚಿದ್ದು ತೇವದ ಕಲೆಯನ್ನಲ್ಲ, ಬೇರು ಅಂಟಿದ್ದ ಗುರುತನ್ನು. ಆ ಗೋಡೆಯಿಂದ ಒಂದೊಂದೇ ಬೇರು ಬಿಡಿಸಿದವಳು ಅಕ್ಕ. ಅಮ್ಮನ ಕತ್ತರಿ ಹಳದಿಗಟ್ಟಿದ ಎಲೆಗಳಿಗಷ್ಟೇ ಆಗಿತ್ತು.

ಆದರೂ ನಾನು ಅಕ್ಕನ ಪರವಾಗಿಯೇ ವಾದಿಸಿದೆ. ಇದು ಭಾವನ ಕೈಕೆಲಸ. ಬಾಟಲಿ, ಸೂಜಿಯ ತೂತು, ಇದೆಲ್ಲ ಅವರ ತಲೆಯೇ. ಅವರು ಬಾಯಿ ಬಿಡುವವರಲ್ಲ. ಅಕ್ಕನಿಗೆ ಇದರ ಗುಟ್ಟು ಗೊತ್ತಿರಲಿಕ್ಕಿಲ್ಲ, ಅವಳೂ ನನ್ನ ಹಾಗೆ ತಪ್ಪು ತಿಳಿದುಕೊಂಡಿರಬೇಕು. ಹೌದು, ಹಾಗೇ ಇರಬೇಕು. ಅಲ್ಲೇ ನೆಲದ ಮೇಲೆ ಕೂತು ಫೋನು ಮಾಡಿದೆ.

"ಅಕ್ಕ, ನೀರು ಹಾಕಿದೆ. ಭಾವ ಹೇಗಿದ್ದಾರೆ?"

"ಪಟ್ಟಿ ಬಿಚ್ಚಿದ್ರು, ಕಾಣುತ್ತಂತೆ. ಸರಿ, ನೀನು ಬೀಗ ಹಾಕ್ಕೊಂಡು ಹೊರಡು, ಬಸ್ ತಪ್ಪಿಹೋಗುತ್ತೆ."

"ಹೊರಟೆ. ಅಕ್ಕ, ಇಲ್ಲಿ ನೇತಾಡೋ ಬೇರು ತುಂಬಾ ಬಂದಿದೆ. ಗಡಿಬಿಡೀಲಿ ನೀನು ಮರೆತಿದ್ದೀಯ ಅನ್ಸುತ್ತೆ. ಕತ್ತರಿ ನನ್ನ ಹತ್ರಾನೇ ಇದೆ, ಎಲ್ಲ ನೀಟಾಗಿ ಕತ್ತರಿಸಿ ಹೋಗ್ತೀನಿ."

ಅವಳು "ಹೂಂ, ಕತ್ತರಿಸು" ಎಂದಿದ್ದರೆ ಸಾಕಿತ್ತು. ಅವಳಿಗೂ ಗೊತ್ತಿಲ್ಲ ಎಂದಾಗುತ್ತಿತ್ತು. ನಾನು ಕತ್ತರಿಸುತ್ತಿರಲಿಲ್ಲ. "ಅಕ್ಕ, ನಾವಿಬ್ಬರೂ ಎಂಥ ಪೆದ್ದಿಯರು ಗೊತ್ತಾ" ಎಂದು ನಗುತ್ತಿದ್ದೆ. ನಗುವುದಕ್ಕೆ ಬಾಯಿ ಸಿದ್ಧವಾಗಿಯೇ ಇತ್ತು. ಆ ಕಡೆಯಿಂದ ಮಾತಿಲ್ಲ. ಕತ್ತರಿಯನ್ನು ಫೋನಿನ ಹತ್ತಿರ ಹಿಡಿದು ಗಾಳಿಯಲ್ಲಿ ಕಚಕ್ ಎನಿಸಿದೆ.

"ಬೇಡ! ಅಯ್ಯೋ ಪುಟ್ಟಿ, ಮುಟ್ಟಬೇಡ ಕಣೇ! ಆ ಬೇರು ಹೋದ್ರೆ ಮತ್ತೆ ಎಲೆ ಎಲ್ಲ ಸಣ್ಣದಾಗಿಬಿಡುತ್ತೆ!"

ತಾನು ಹೇಳಿದ್ದು ತನ್ನ ಕಿವಿಗೇ ಬಿದ್ದಿತ್ತು ಅವಳಿಗೆ.

"ನಿಂಗೆ ಗೊತ್ತಿತ್ತು" ಎಂದೆ.

"ಕತ್ತರಿಸಿಬಿಟ್ಯಾ?"

"ಮೊದಲಿಂದ್ಲೂ ಗೊತ್ತಿತ್ತು. ತಿಂಗಳು ತಿಂಗಳೂ ಬಂದು, ನನ್ನ ಕುರ್ಚೀಲಿ ಕೂತು, ಕತ್ತರಿಸ್ತಿದ್ದೀಯಾ ಅಂತ ಕೇಳ್ತಿದ್ದೆ. ಜಾಣೆ ಅಂತಿದ್ದೆ."

"ಒಂದು ಗಿಡಕ್ಕೆ ಇಷ್ಟೊಂದು ಮಾತಾ ಪುಟ್ಟಿ?"

"ಗಿಡ ಹಾಳಾಗಿ ಹೋಗ್ಲಿ. ನನ್ನ ಕೈಗುಣ ಸರಿ ಇಲ್ಲ ಅಂತ ಜನರ ಮುಂದೆ ಹೇಳಿದೆಯಲ್ಲ, ಅದು?"

ಅವಳು ಅತ್ತಳೋ, ಸಿಟ್ಟಾದಳೋ, ದನಿಯಿಂದ ಗೊತ್ತಾಗಲಿಲ್ಲ. ಆದರೆ ಟೀಚರಿನ ದನಿ ಹೋಗಿತ್ತು. "ಎರಡು ವರ್ಷ ಅಮ್ಮನ್ನ ಎತ್ತಿ ಇಳಿಸಿದವಳು ನಾನು. ಹಾಸಿಗೆ ಒಗೆದವಳು ನಾನು. ನೀನು ವಾರಕ್ಕೊಂದು ಸಲ ಬಂದು ತಲೆ ಬಾಚಿ ಹೋಗ್ತಿದ್ದೆ, ಅಷ್ಟೇ. ನೋಡೋಕೆ ಬಂದವರಿಗೆಲ್ಲ ಅವಳು ಹೇಳ್ತಿದ್ದದ್ದು ಒಂದೇ. ಚಿಕ್ಕವಳ ಕೈಗುಣ, ಚಿಕ್ಕವಳ ಕೈಗುಣ. ಅವಳು ಮುಟ್ಟಿದ್ರೆ ಒಣಕಡ್ಡಿನೂ ಚಿಗುರುತ್ತೆ. ಜಡೆ ಕತ್ತರಿಸಿದ ದಿನ ತಲೆ ಹಗುರಾಗಿ ಚೆನ್ನಾಗಿ ನಿದ್ದೆ ಬಂತು ಅಂತ ಅದನ್ನೂ ಊರಿಗೆಲ್ಲ ಹೇಳಿದ್ಲು. ನನ್ನ ಕೈ ಬಗ್ಗೆ ಒಂದು ದಿನ, ಒಂದು ಮಾತು... ಗಿಡ ಒಂದಾದ್ರೂ ನನ್ನ ಕೈಲಿ ಮಾತ್ರ ಬರ್ಲಿ ಅನ್ನಿಸ್ತು. ಅಷ್ಟೇ."

ನಾನು ಕೇಳಿದ್ದು ಕೊನೆಯ ಮಾತನ್ನಲ್ಲ. "ಅಮ್ಮ ಹಾಗಂದಿದ್ಲಾ?" ಎಂದೆ.

"ಏನು?"

"ತಲೆ ಹಗುರಾಯ್ತು ಅಂತ. ನಿದ್ದೆ ಬಂತು ಅಂತ."

"ಅಂದಿದ್ಲು."

ಅವಳು ಪಟ್ಟ ಕಷ್ಟ ಸುಳ್ಳಲ್ಲ, ನನಗೆ ಗೊತ್ತು. ಹೊಟ್ಟೆಕಿಚ್ಚೂ ನನಗೆ ಅರ್ಥವಾಗದ್ದಲ್ಲ. ಗಿಡದ ಗುಟ್ಟನ್ನಷ್ಟೇ ಬಚ್ಚಿಟ್ಟುಕೊಂಡಿದ್ದರೆ ಇವತ್ತಲ್ಲ ನಾಳೆ ಕ್ಷಮಿಸುತ್ತಿದ್ದೆ. ಆದರೆ ಅಮ್ಮನ ಆ ಮಾತು ನನಗಾಗಿ ಆಡಿದ್ದು. ಅದನ್ನು ಇವಳು ಬಚ್ಚಿಟ್ಟುಕೊಂಡು, ಅದೇ ಮಾತನ್ನು ಒಳಗಿನದು ಹೊರಗೆ ಮಾಡಿ ಹೊಲಿದು ನನ್ನ ಮೈಗೇ ತೊಡಿಸಿದ್ದಳು. ಮೂರು ವರ್ಷ ನಾನು ನನ್ನ ಕೈಯನ್ನು ನೋಡಿ ಹೆದರಿಕೊಂಡಿದ್ದೆ. ಫೋನು ಇಟ್ಟೆ.

ಕತ್ತರಿ ಮೊಣಕಾಲಿನ ಪಕ್ಕದಲ್ಲೇ ಇತ್ತು. ಒಂದೇ ನಿಮಿಷದ ಕೆಲಸ. ಕೈ ಅದರ ತನಕ ಹೋಯಿತು ಎಂದು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ. ಆದರೆ ಗಿಡ ಯಾರ ಕುತ್ತಿಗೆಯನ್ನೂ ಕೊಯ್ದಿರಲಿಲ್ಲ. ಸ್ಟೂಲು ಹತ್ತಿ ಬಾಟಲಿ ತುಂಬಿದೆ. ಹೊಸದಾಗಿ ಹೊರಟಿದ್ದ ಒಂದು ಬೇರು ಹಿಡಿತ ಸಿಗದೆ ಗಾಳಿಯಲ್ಲಿತ್ತು, ಅದನ್ನು ಬೆರಳಿನಿಂದ ನಾರಿನೊಳಗೆ ಸೇರಿಸಿದೆ. ಅವರು ಬರುವ ತನಕ ಒಂದು ಸಲವೂ ತಪ್ಪಿಸದೆ ಹೋಗಿ ನೀರು ಹಾಕಿದೆ.

ನನ್ನ ಗಿಡಕ್ಕೂ ಒಂದು ಕೋಲು ತಂದು ನಾರು ಸುತ್ತಿ ನಿಲ್ಲಿಸಿದೆ. ಮಲಗಿದ್ದ ದಂಟನ್ನು ಎತ್ತಿ ಹಳೆಯ ಹೇರ್ ಬ್ಯಾಂಡುಗಳಿಂದ ಕಟ್ಟಿದೆ. ಕಟ್ಟುವಾಗ ಗಂಟಿಗೊಂದರಂತೆ ಒಣಗಿದ ಮೊಂಡುಗಳು ಕೈಗೆ ಸಿಕ್ಕವು, ನಾನೇ ಕತ್ತರಿಸಿದ್ದು. ಬಂದಿರುವ ಎಲೆ ಇನ್ನು ಸೀಳುವುದಿಲ್ಲ. ಇಡಿಯಾಗಿ ಬಿಚ್ಚಿಕೊಂಡದ್ದು ಕೊನೆಯ ತನಕ ಇಡಿಯೇ. ಬರುವುದಿದ್ದರೆ ಮುಂದೆ ಬರಬೇಕು.

ಊರಿಂದ ಬಂದ ಮೇಲೆ ಅಕ್ಕ ಬೀಗದ ಕೈ ಕೇಳಿಕೊಂಡು ಪಾರ್ಲರಿಗೆ ಬಂದಳು. ಬೆಂಚಿನ ಮೇಲೆ ಬ್ಯಾಂಕಿನ ಮೇಡಂ, ಅವರ ಪಕ್ಕದಲ್ಲಿ ಇನ್ನಿಬ್ಬರು. ಬೀಗದ ಕೈ ಕೊಟ್ಟೆ, ತೆಗೆದುಕೊಂಡಳು. ಹೋಗಲಿಲ್ಲ. ಖಾಲಿ ಕುರ್ಚಿಯಲ್ಲಿ ಕೂತು, ಯಾವಾಗಲಿನ ಹಾಗೆ ಕ್ಲಿಪ್ಪು ತೆಗೆದು ಕೂದಲು ಹರವಿಕೊಂಡಳು. ಕನ್ನಡಿಯಲ್ಲಿ ಅವಳ ಕಣ್ಣು ಗಿಡದ ಮೇಲೆ ಹೋಯಿತು, ಕೋಲಿನ ಮೇಲೆ ಹೋಯಿತು, ನನ್ನ ಮೇಲೆ ಬಂದು ನಿಂತಿತು. ಮುಖ ಬಿಗಿಯಾಗಿತ್ತು. ನಾನು ನಕ್ಕುಬಿಡುತ್ತೇನೆ ಎಂದು ಕಾಯುತ್ತಿದ್ದಳೇನೋ.

"ತುದಿ ಸ್ವಲ್ಪ ತೆಗಿ ಪುಟ್ಟಿ" ಎಂದಳು.

ನಾನು ಬಟ್ಟೆ ಕೈಗೆತ್ತಿಕೊಳ್ಳಲಿಲ್ಲ.

"ನಿನ್ನ ಕೂದಲಿಗೆ ಬೇರೆ ಕೈ ನೋಡ್ಕೋ ಅಕ್ಕ. ನನ್ನ ಕೈಗುಣ ನಿನಗೆ ಆಗಿಬರಲ್ಲ."

ಅಕ್ಕ ಕೂದಲನ್ನು ಒಟ್ಟುಮಾಡಿ ಕ್ಲಿಪ್ಪು ಹಾಕಿಕೊಂಡಳು. ಒಂದು ಸಲಕ್ಕೆ ಕೂರಲಿಲ್ಲ, ಎರಡನೇ ಸಲ ಹಾಕಿದಳು. ಅವಳು ಎದ್ದ ಮೇಲೆ ನಾನು ಕುರ್ಚಿ ಒರೆಸಿ, ಬಟ್ಟೆ ಕೊಡವಿ, "ಬನ್ನಿ ಮೇಡಂ" ಎಂದೆ.